ನೆಲ, ನೆನಪು, ಜನಬೆಂಬಲ: ಮಾಲ್ವಿನಾಸ್ ದ್ವೀಪಗಳ ಪಾಠ



ಗಡಿ ಎಂದರೇನು, ನೆಲದ ಮೇಲಿನ ಮಮತೆ ಎಂದರೇನು ಎಂಬುದನ್ನು ಕನ್ನಡಿಗರ ಸಭೆಗೆ ಯಾರೂ ವಿವರಿಸಬೇಕಾಗಿಲ್ಲ. ಆದರೆ ಆ ಮಮತೆ ಎಲ್ಲಿಂದ ಬರುತ್ತದೆ, ಅದನ್ನು ಯಾರು ಪೋಷಿಸುತ್ತಾರೆ, ಯಾರು ಯಾವ ಹೊತ್ತಿನಲ್ಲಿ ಬಳಸಿಕೊಳ್ಳುತ್ತಾರೆ ಎಂಬುದನ್ನು ಸ್ವಲ್ಪ ದೂರದಲ್ಲಿ ನಿಂತು ನೋಡುವುದು ಒಳ್ಳೆಯದು. ಅದಕ್ಕಾಗಿ ದಕ್ಷಿಣ ಅಟ್ಲಾಂಟಿಕ್ ಸಾಗರದ ಒಂದು ದ್ವೀಪಸಮೂಹವನ್ನು ಆರಿಸಿಕೊಂಡಿದ್ದೇನೆ. ಅರ್ಜೆಂಟೀನಾದವರಿಗೆ ಅದು ಮಾಲ್ವಿನಾಸ್, ಬ್ರಿಟಿಷರಿಗೆ ಫಾಕ್‌ಲ್ಯಾಂಡ್ಸ್.

1. ಮೂರು ದಿನಗಳ ಅಂತರ

1982ರ ಮಾರ್ಚ್ 30ರಂದು ಅರ್ಜೆಂಟೀನಾದ ರಾಜಧಾನಿ ಬ್ಯೂನಸ್ ಐರಿಸ್‌ನಲ್ಲಿ ಕಾರ್ಮಿಕರು ಪ್ಲಾಸಾ ದೆ ಮಾಯೋ ಎಂಬ ಚೌಕದ ಕಡೆಗೆ ಮೆರವಣಿಗೆ ಹೊರಟರು. ಆರು ವರ್ಷಗಳ ಸೇನಾಡಳಿತ ಜನರನ್ನು ಹಣ್ಣು ಮಾಡಿತ್ತು. ಬೆಲೆ ಏರಿತ್ತು, ಕಾರ್ಖಾನೆಗಳು ಮುಚ್ಚಿದ್ದವು, ಸಾವಿರಾರು ಜನ ಮನೆಯಿಂದಲೋ ಬೀದಿಯಿಂದಲೋ ಎಳೆದೊಯ್ಯಲ್ಪಟ್ಟು ಕಾಣೆಯಾಗಿದ್ದರು. ಮುಂದೆ 1984ರಲ್ಲಿ ಸತ್ಯಶೋಧನಾ ಆಯೋಗ ಅಂಥ 8,961 ಪ್ರಕರಣಗಳನ್ನು ದಾಖಲಿಸಿತು. ಮಾನವ ಹಕ್ಕು ಸಂಘಟನೆಗಳು ಹೇಳುವ ಸಂಖ್ಯೆ 30,000. ಮಾರ್ಚ್ 30ರ ಮೆರವಣಿಗೆಯನ್ನು ಪೊಲೀಸರು ಬಲಪ್ರಯೋಗದಿಂದ ಚದುರಿಸಿ, ಕಾರ್ಮಿಕ ನಾಯಕರನ್ನು ಸೆರೆಗೆ ಹಾಕಿದರು.

ಏಪ್ರಿಲ್ 2ರಂದು ಅದೇ ಚೌಕ ಮತ್ತೆ ತುಂಬಿತು. ಅಂದು ಬೆಳಗ್ಗೆ ಅರ್ಜೆಂಟೀನಾದ ಸೇನೆ ದ್ವೀಪಗಳಲ್ಲಿ ಇಳಿದು ಬ್ರಿಟನ್ನಿನ ಪುಟ್ಟ ಕಾವಲು ಪಡೆಯನ್ನು ಶರಣಾಗಿಸಿತ್ತು. ಜನ ಬಾವುಟ ಹಿಡಿದು ಬಂದರು, ಹಾಡಿದರು, ಅಪರಿಚಿತರನ್ನು ತಬ್ಬಿಕೊಂಡರು. ಮೂರು ದಿನಗಳ ಹಿಂದೆ ಯಾವ ಸರ್ಕಾರದ ವಿರುದ್ಧ ಕೂಗಿದ್ದರೋ ಆ ಸರ್ಕಾರದ ಮುಖ್ಯಸ್ಥ ಜನರಲ್ ಗಾಲ್ತಿಯೇರಿಯ ಎದುರು ಜಯಘೋಷ ಮಾಡಿದರು. ಏಪ್ರಿಲ್ 7ರಂದು ಹೊಸ ಸೇನಾ ಗವರ್ನರ್ ಅಧಿಕಾರ ವಹಿಸಿಕೊಂಡಾಗ ಪಕ್ಷಗಳ ಮುಖಂಡರು, ಕಾರ್ಮಿಕ ಮುಖಂಡರು ವಿಮಾನವೇರಿ ದ್ವೀಪಕ್ಕೆ ಹೋದರು.

ದ್ವೀಪಗಳಲ್ಲಿ ಏನಿತ್ತು? ಸುಮಾರು 12,000 ಚದರ ಕಿಲೋಮೀಟರ್ ಗಾಳಿ ಹೊಡೆಯುವ ಹುಲ್ಲುಗಾವಲು, ಲಕ್ಷಗಟ್ಟಲೆ ಕುರಿಗಳು, 1,800ರ ಆಸುಪಾಸಿನ ಇಂಗ್ಲಿಷ್ ಮಾತಾಡುವ ಜನ. ಅಂದು ಚೌಕದಲ್ಲಿ ನಿಂತವರಲ್ಲಿ ಬಹುಪಾಲು ಜನ ಆ ನೆಲವನ್ನು ಕಣ್ಣಾರೆ ಕಂಡವರಲ್ಲ. ಅಲ್ಲಿ ಅವರ ಬಂಧುಗಳಿರಲಿಲ್ಲ, ಹೊಲಮನೆಗಳಿರಲಿಲ್ಲ. ಇದ್ದದ್ದು ಒಂದು ನೆನಪು ಮಾತ್ರ. ಅದೂ ಸ್ವಂತ ಅನುಭವದ ನೆನಪಲ್ಲ, ಕಲಿಸಿದ ನೆನಪು.

ನಾನು ಇಂದು ಹೇಳಬೇಕೆಂದಿರುವುದು ಇಷ್ಟೇ: ಚಾರಿತ್ರಿಕ ನೆನಪು ತಾನಾಗಿ ಯುದ್ಧವನ್ನು ಹುಟ್ಟಿಸುವುದಿಲ್ಲ, ಯುದ್ಧ ಬೇಕಾದವರಿಗೆ ಪ್ರಶ್ನೆ ಕೇಳದ ಬೆಂಬಲವನ್ನು ಅದು ಮೊದಲೇ ಸಿದ್ಧಮಾಡಿ ಇಟ್ಟಿರುತ್ತದೆ. ಹಕ್ಕು ನ್ಯಾಯವಾದದ್ದೇ ಇರಬಹುದು. ಆ ಹಕ್ಕಿನ ನೆನಪು ಅರ್ಧ ಮಾತ್ರ ಇದ್ದರೆ, ನ್ಯಾಯವಾದ ಹಕ್ಕೇ ಅನ್ಯಾಯದ ಯುದ್ಧಕ್ಕೆ ಸಮರ್ಥನೆಯಾಗುತ್ತದೆ.

2. ನೆನಪನ್ನು ಕಟ್ಟಿದ ಬಗೆ

ಮೊದಲು ಘಟನೆಗಳು. 1764ರಲ್ಲಿ ಫ್ರೆಂಚರು ಅಲ್ಲಿ ವಸತಿ ಹೂಡಿದರು. ಹಿಂದೆಯೇ ಬ್ರಿಟಿಷರು ಇನ್ನೊಂದು ಕಡೆ ನೆಲೆ ಮಾಡಿದರು. ಫ್ರೆಂಚರು ತಮ್ಮ ನೆಲೆಯನ್ನು ಸ್ಪೇನಿಗೆ ಒಪ್ಪಿಸಿದರು. ಬ್ರಿಟಿಷರು 1774ರಲ್ಲಿ ಹಕ್ಕಿನ ಫಲಕವೊಂದನ್ನು ಬಿಟ್ಟು ಹೊರಟುಹೋದರು. 1811ರಲ್ಲಿ ಸ್ಪೇನಿನವರೂ ಹೋದರು. ಸ್ಪೇನಿನಿಂದ ಬಿಡುಗಡೆಯಾದ ಅರ್ಜೆಂಟೀನಾ, ಸ್ಪೇನಿನ ನೆಲವೆಲ್ಲ ವಾರಸಾಗಿ ತನ್ನದೆಂದು ಭಾವಿಸಿ 1829ರ ಜೂನ್ 10ರಂದು ಲೂಯಿಸ್ ವೆರ್ನೆಟ್‌ನನ್ನು ಅಲ್ಲಿನ ಅಧಿಕಾರಿಯಾಗಿ ನೇಮಿಸಿತು. 1833ರ ಜನವರಿಯಲ್ಲಿ ‘ಕ್ಲಿಯೋ’ ಎಂಬ ಬ್ರಿಟಿಷ್ ಯುದ್ಧನೌಕೆ ಬಂದು ಅರ್ಜೆಂಟೀನಾದ ಪಡೆಯನ್ನು ಹೊರಡಿಸಿತು. ಗುಂಡು ಹಾರಲಿಲ್ಲ. 1982ರ ಕೆಲವು ವಾರಗಳನ್ನು ಬಿಟ್ಟರೆ ಅಂದಿನಿಂದ ದ್ವೀಪಗಳು ಬ್ರಿಟನ್ನಿನ ಕೈಯಲ್ಲಿವೆ.

ಇದು ಬಲವಂತದ ವಶ ಎಂಬ ಅರ್ಜೆಂಟೀನಾದ ವಾದಕ್ಕೆ ಆಧಾರವಿದೆ. ಆದರೆ ನಮಗೆ ಮುಖ್ಯವಾದ ಸಂಗತಿ ಬೇರೆ. 1833ರ ಗಾಯ 1833ರಿಂದ 1982ರವರೆಗೆ ಒಂದೇ ಸಮನೆ ಉರಿಯುತ್ತಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಹಲವು ದಶಕ ಸರ್ಕಾರದ ಪ್ರತಿಭಟನೆ ಬಹುಮಟ್ಟಿಗೆ ಸ್ತಬ್ಧವಾಗಿತ್ತು. ಬ್ರಿಟಿಷ್ ಬಂಡವಾಳದಿಂದ ಅರ್ಜೆಂಟೀನಾದ ರೈಲುಗಳು ಓಡುತ್ತಿದ್ದವು, ಅರ್ಜೆಂಟೀನಾದ ದನದ ಮಾಂಸ ಲಂಡನ್ನಿನ ಊಟದ ಮೇಜಿಗೆ ಹೋಗುತ್ತಿತ್ತು. 1869ರಲ್ಲಿ ಕವಿ, ಪತ್ರಕರ್ತ ಹೋಸೆ ಎರ್ನಾಂದೆಸ್ ತಮ್ಮ ಪತ್ರಿಕೆಯಲ್ಲಿ ದ್ವೀಪಗಳ ಪ್ರಸ್ತಾಪ ಎತ್ತಿದ್ದುಂಟು. ಆದರೂ ಅದು ಮನೆಮನೆಯ ಮಾತಾಗಿರಲಿಲ್ಲ.

ಅದು ಮನೆಮಾತಾದದ್ದು 1930ರ ದಶಕದಲ್ಲಿ. 1933ರ ಮೇ ತಿಂಗಳಲ್ಲಿ ಲಂಡನ್ನಿನಲ್ಲಿ ರೋಕಾ–ರನ್ಸಿಮನ್ ಒಪ್ಪಂದವಾಯಿತು. ಮಾಂಸದ ರಫ್ತನ್ನು ಉಳಿಸಿಕೊಳ್ಳಲು ಅರ್ಜೆಂಟೀನಾ ಬ್ರಿಟಿಷ್ ಕಂಪನಿಗಳಿಗೆ ಹಲವು ರಿಯಾಯಿತಿ ಕೊಡಬೇಕಾಯಿತು. ದೇಶದ ಮಾನ ಹೋಯಿತೆಂದು ಓದಿದ ವರ್ಗ ಕುದಿಯಿತು. ಅದೇ ವರ್ಷ ಬ್ರಿಟಿಷ್ ವಶದ ಶತಮಾನ. ದ್ವೀಪಗಳ ಆಡಳಿತ ಅದರ ನೆನಪಿಗೆ ಅಂಚೆಚೀಟಿಗಳನ್ನು ಹೊರಡಿಸಿತ್ತು. ಮಾರುಕಟ್ಟೆಯ ಅವಮಾನಕ್ಕೆ ಮುಖವಿರಲಿಲ್ಲ. ದ್ವೀಪಗಳು ಅದಕ್ಕೆ ಮುಖ ಕೊಟ್ಟವು. 1934ರಲ್ಲಿ ಇರಾಸುಸ್ತಾ ಸಹೋದರರು ಬ್ರಿಟಿಷ್ ಸಾಮ್ರಾಜ್ಯಶಾಹಿಯ ಬಗ್ಗೆ ಪುಸ್ತಕ ಬರೆದರು. ಅದೇ ವರ್ಷ ಸಮಾಜವಾದಿ ಸೆನೆಟರ್ ಆಲ್ಫ್ರೆದೊ ಪಲಾಸಿಯೋಸ್ ಒಂದು ಕಾನೂನು ತಂದರು. ರಾಷ್ಟ್ರೀಯ ಗ್ರಂಥಾಲಯದ ನಿರ್ದೇಶಕ ಪಾಲ್ ಗ್ರೂಸಾಕ್ 1910ರಲ್ಲಿ ಫ್ರೆಂಚಿನಲ್ಲಿ ಬರೆದಿದ್ದ ಮಾಲ್ವಿನಾಸ್ ಕುರಿತ ಗ್ರಂಥವನ್ನು ಸ್ಪ್ಯಾನಿಷ್‌ಗೆ ತಂದು, ಸಂಗ್ರಹಿಸಿ, ಶಾಲೆಗಳಿಗೂ ಗ್ರಂಥಾಲಯಗಳಿಗೂ ಹಂಚಬೇಕೆಂಬುದು ಆ ಕಾನೂನು. ಇದನ್ನು ಮಾಡಿದವರು ಬಲಪಂಥದವರಲ್ಲ, ದಕ್ಷಿಣ ಅಮೆರಿಕದ ಸಮಾಜವಾದದ ಹಿರಿಯರು. ನೆಲದ ನೆನಪಿಗೆ ಪಕ್ಷಭೇದವಿಲ್ಲವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಅಲ್ಲಿಂದ ಮುಂದೆ ಶಾಲೆ ಆ ಕೆಲಸವನ್ನು ಕೈಗೆತ್ತಿಕೊಂಡಿತು. ದ್ವೀಪಗಳ ಮೇಲೊಂದು ಪಥಗೀತೆ ಹುಟ್ಟಿತು, ಮಕ್ಕಳು ಅದನ್ನು ಸಾಲಾಗಿ ನಿಂತು ಹಾಡಿದರು. ದ್ವೀಪಗಳಿಲ್ಲದ ದೇಶದ ನಕಾಶೆ ತಪ್ಪು ನಕಾಶೆಯಾಯಿತು. ರಾಜಕೀಯ ಶಾಸ್ತ್ರಜ್ಞ ಕಾರ್ಲೋಸ್ ಎಸ್ಕುದೆ ಅರ್ಜೆಂಟೀನಾದ ಪಠ್ಯಪುಸ್ತಕಗಳನ್ನು ಕೂಲಂಕಷವಾಗಿ ಓದಿ, ನೆಲ ಕಳೆದುಕೊಂಡ ದೇಶವೆಂಬ ಭಾವನೆ ಶಿಕ್ಷಣದ ಮೂಲಕ ಹೇಗೆ ಬೇರೂರಿತೆಂದು ತೋರಿಸಿದರು. ಮಾನವಶಾಸ್ತ್ರಜ್ಞೆ ರೊಸಾನಾ ಗುಬೆರ್, ಬೇರೆ ಯಾವುದರಲ್ಲೂ ಒಮ್ಮತವಿಲ್ಲದ ಸಮಾಜಕ್ಕೆ ಮಾಲ್ವಿನಾಸ್ ಹೇಗೆ ಒಗ್ಗಟ್ಟಿನ ಏಕೈಕ ತಾಣವಾಯಿತೆಂದು ವಿವರಿಸಿದ್ದಾರೆ. ಮಾಜಿ ಅಧ್ಯಕ್ಷ ಪೆರೋನನ ಅಭಿಮಾನಿಗಳು, ವಿರೋಧಿಗಳು, ಸೈನಿಕರು, ಗೆರಿಲ್ಲಾಗಳು, ಪಾದ್ರಿಗಳು, ನಾಸ್ತಿಕರು ಎಲ್ಲರೂ ಒಪ್ಪುವ ವಾಕ್ಯ ಒಂದೇ ಇತ್ತು: ಮಾಲ್ವಿನಾಸ್ ನಮ್ಮದು.

ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಮೌರಿಸ್ ಆಲ್ಬ್‌ವಾಕ್ಸ್ 1925ರಲ್ಲೇ ಹೇಳಿದ ವಿಚಾರ ಇಲ್ಲಿ ನೆರವಿಗೆ ಬರುತ್ತದೆ. ವ್ಯಕ್ತಿ ನೆನೆಯುವುದು ಒಂಟಿಯಾಗಿ ಅಲ್ಲ. ಕುಟುಂಬ, ಮತ, ವರ್ಗಗಳು ಹಾಕಿಕೊಟ್ಟ ಚೌಕಟ್ಟಿನೊಳಗೆ. ಆ ಚೌಕಟ್ಟು ಬದಲಾದರೆ ಗತಕಾಲದ ಅರ್ಥವೂ ಬದಲಾಗುತ್ತದೆ. ಸಾಮೂಹಿಕ ನೆನಪು ಒಂದು ದತ್ತಿಯಿದ್ದಂತೆ: ಹಿಂದಿನವರು ಇಟ್ಟ ಮೂಲಧನ ಹಾಗೇ ಉಳಿಯುತ್ತದೆ, ಅದರ ಬಡ್ಡಿಯನ್ನು ಯಾರು ಯಾತಕ್ಕೆ ಬಳಸುತ್ತಾರೆಂಬುದು ಆಯಾ ಕಾಲದ ಧರ್ಮದರ್ಶಿಗಳಿಗೆ ಬಿಟ್ಟದ್ದು. 1982ರಲ್ಲಿ ಧರ್ಮದರ್ಶಿಗಳ ಜಾಗದಲ್ಲಿ ಕುಳಿತಿದ್ದವರು ಮೂವರು ಸೇನಾಧಿಕಾರಿಗಳು.

3. ನೆನಪು ಮಾಡಿದ ಕೆಲಸ

ಸೇನಾಡಳಿತಕ್ಕೆ ಜನಬೆಂಬಲ ಬೇಕಿತ್ತು. ಆರ್ಥಿಕ ನೀತಿಯಿಂದ ಅದು ಸಿಗಲಿಲ್ಲ, ಭಯದಿಂದಲೂ ಸಿಗಲಿಲ್ಲ. ಐವತ್ತು ವರ್ಷ ಶಾಲೆ ಬೆಳೆಸಿದ ನೆನಪಿನಿಂದ ಒಂದೇ ದಿನದಲ್ಲಿ ಸಿಕ್ಕಿತು. ಆ ನೆನಪು ಮೂರು ಕೆಲಸ ಮಾಡಿತು.

ಒಂದು, ವಾದವನ್ನೇ ಅನಗತ್ಯ ಮಾಡಿತು. ಯುದ್ಧದ ಖರ್ಚೇನು, ಗೆಲ್ಲುವ ಸಾಧ್ಯತೆಯೆಷ್ಟು, ದ್ವೀಪದ ಜನರ ಗತಿಯೇನು ಎಂಬ ಪ್ರಶ್ನೆಗಳಿಗೆ ಜಾಗವೇ ಉಳಿಯಲಿಲ್ಲ. ನಮ್ಮದು ನಮಗೆ ಬಂತು ಎಂಬಲ್ಲಿ ಲೆಕ್ಕಾಚಾರಕ್ಕೇನು ಕೆಲಸ?

ಎರಡು, ದೇಶವನ್ನೂ ಸರ್ಕಾರವನ್ನೂ ಬೇರೆಬೇರೆಯಾಗಿ ಕಾಣುವ ಕಣ್ಣನ್ನು ಮಂಕಾಗಿಸಿತು. ಸರ್ಕಾರ ಕೆಟ್ಟದ್ದು, ಆದರೆ ಈ ಕಾರ್ಯ ಒಳ್ಳೆಯದು ಎಂದು ಅನೇಕರು ಪ್ರಾಮಾಣಿಕವಾಗಿ ನಂಬಿದರು. ಸೇನೆಯಿಂದ ತಪ್ಪಿಸಿಕೊಂಡು ಮೆಕ್ಸಿಕೋದಲ್ಲಿ ಆಶ್ರಯ ಪಡೆದಿದ್ದ ಎಡಪಂಥದ ಚಿಂತಕರ ಗುಂಪೊಂದು ಕೂಡ ದ್ವೀಪಗಳ ವಶವನ್ನು ಸಮರ್ಥಿಸಿತು. ಅವರಿಗೆ ಉತ್ತರವಾಗಿ ಕರಾಕಸ್‌ನಲ್ಲಿ ದೇಶಭ್ರಷ್ಟರಾಗಿದ್ದ ತತ್ತ್ವಶಾಸ್ತ್ರಜ್ಞ ಲಿಯೋನ್ ರೊಸಿಚ್ನರ್ ಬರೆದರು. ತನ್ನ ಪ್ರಜೆಗಳನ್ನೇ ಗುಟ್ಟಾಗಿ ಕೊಂದ ಸೇನೆ ಹೊರಗೆ ಹೋದ ಮಾತ್ರಕ್ಕೆ ಶುದ್ಧವಾಗದು. ಒಳಗಿನ ಕೊಳಕು ಯುದ್ಧಕ್ಕೂ ಹೊರಗಿನ ಯುದ್ಧಕ್ಕೂ ಕೈ ಒಂದೇ ಎಂಬುದು ಅವರ ವಾದದ ಸಾರ. ಆ ಹೊತ್ತಿನಲ್ಲಿ ಹಾಗೆ ಬರೆಯಲು ಎದೆಗಾರಿಕೆ ಬೇಕಿತ್ತು. ಕಾಣೆಯಾದ ಮಕ್ಕಳಿಗಾಗಿ ಅದೇ ಚೌಕದಲ್ಲಿ ಪ್ರತಿಭಟಿಸುತ್ತಿದ್ದ ‘ಪ್ಲಾಸಾ ದೆ ಮಾಯೋದ ತಾಯಂದಿರ’ಲ್ಲೂ ಆ ಎದೆಗಾರಿಕೆಯಿತ್ತು: ಮಾಲ್ವಿನಾಸ್ ಅರ್ಜೆಂಟೀನಾದ್ದಾದರೆ ಕಾಣೆಯಾದ ನಮ್ಮ ಮಕ್ಕಳೂ ಅರ್ಜೆಂಟೀನಾದವರೇ ಎಂದು ಅವರು ಸಾರಿದರು. ರಾಜಕಾರಣಿಗಳಲ್ಲಿ ದೂರ ನಿಂತ ಕೆಲವೇ ಮಂದಿಯಲ್ಲಿ ರವುಲ್ ಆಲ್ಫೊನ್ಸಿನ್ ಒಬ್ಬರು.

ಮೂರು, ಜನರ ಒಳ್ಳೆಯತನವನ್ನೇ ಯುದ್ಧಕ್ಕೆ ಹೂಡಿತು. ಹೆಂಗಸರು ಸೈನಿಕರಿಗಾಗಿ ಉಣ್ಣೆಯ ಶಾಲು ಹೆಣೆದರು. ದೇಶಭಕ್ತಿ ನಿಧಿಗೆ ಒಡವೆ ಬಿಚ್ಚಿಕೊಟ್ಟರು. ಮೇ ತಿಂಗಳಲ್ಲಿ ಇದಕ್ಕಾಗಿ ದೂರದರ್ಶನದಲ್ಲಿ ಇಡೀ ದಿನದ ಕಾರ್ಯಕ್ರಮ ನಡೆಯಿತು. ಹೀಗೆ ಕೊಟ್ಟವರನ್ನು ಮೂಢರೆಂದು ಕರೆಯಲು ನನಗೆ ಮನಸ್ಸಿಲ್ಲ. ಅವರ ತ್ಯಾಗ ನಿಜವಾದದ್ದು. ಅದನ್ನು ಖರ್ಚು ಮಾಡಿದವರು ಅದಕ್ಕೆ ಯೋಗ್ಯರಾಗಿರಲಿಲ್ಲ.

ಯುದ್ಧ ಜೂನ್ 14ಕ್ಕೆ ಮುಗಿಯಿತು. 649 ಅರ್ಜೆಂಟೀನಿಯರು, 255 ಬ್ರಿಟಿಷರು, ಮೂವರು ದ್ವೀಪವಾಸಿ ಹೆಂಗಸರು ಸತ್ತರು. ‘ಹೆನೆರಾಲ್ ಬೆಲ್ಗ್ರಾನೊ’ ಎಂಬ ಒಂದೇ ಹಡಗು ಮುಳುಗಿದಾಗ ಸತ್ತವರು 323 ಮಂದಿ. ದ್ವೀಪದಲ್ಲಿ ಚಳಿಗೆ, ಹಸಿವೆಗೆ ಸಿಕ್ಕವರಲ್ಲಿ ಅನೇಕರು ಕೊರಿಯೆಂತೆಸ್, ಚಾಕೊದಂಥ ಬೆಚ್ಚನೆಯ ಪ್ರಾಂತಗಳಿಂದ ಬಂದ ಹದಿನೆಂಟು, ಹತ್ತೊಂಬತ್ತರ ಹುಡುಗರು. ಕಡ್ಡಾಯ ಸೇವೆಗೆ ಸೇರಿದವರು. ಸ್ವಂತ ಅಧಿಕಾರಿಗಳೇ ಶಿಕ್ಷೆಯ ಹೆಸರಿನಲ್ಲಿ ತಮ್ಮನ್ನು ಚಳಿಯ ನೆಲದ ಮೇಲೆ ಗೂಟಕ್ಕೆ ಕಟ್ಟಿ ಮಲಗಿಸಿದರೆಂದು ಹಿಂದಿರುಗಿದವರು ಸಾಕ್ಷ್ಯ ನುಡಿದಿದ್ದಾರೆ. ಯುದ್ಧದ ನಡವಳಿಯನ್ನು ಕಟುವಾಗಿ ಖಂಡಿಸಿದ ರಾಟೆನ್‌ಬಾಕ್ ವರದಿಯನ್ನು ಅಧಿಕೃತವಾಗಿ ಬಹಿರಂಗಪಡಿಸಿದ್ದು 2012ರಲ್ಲಿ.

4. ಆಚೆ ದಡದ ನೆನಪು

ಬ್ರಿಟನ್ನಿನ ಕಡೆ ನೋಡದಿದ್ದರೆ ಈ ಮಾತು ಒಕ್ಕಣ್ಣಿನದಾಗುತ್ತದೆ. ದ್ವೀಪಗಳು ಬ್ರಿಟಿಷ್ ಜನಸಾಮಾನ್ಯರ ಮನಸ್ಸಿನಲ್ಲಿ ಇರಲೇ ಇಲ್ಲ. 1980ರಲ್ಲಿ ಬ್ರಿಟಿಷ್ ಸರ್ಕಾರವೇ ದ್ವೀಪಗಳ ಒಡೆತನವನ್ನು ಅರ್ಜೆಂಟೀನಾಕ್ಕೆ ಕೊಟ್ಟು ಗುತ್ತಿಗೆಗೆ ಮರಳಿ ಪಡೆಯುವ ಯೋಚನೆ ಮಾಡಿತ್ತು. 1981ರ ಪೌರತ್ವ ಕಾಯ್ದೆ ಅನೇಕ ದ್ವೀಪವಾಸಿಗಳಿಗೆ ಪೂರ್ಣ ಬ್ರಿಟಿಷ್ ಪೌರತ್ವವನ್ನೂ ಉಳಿಸಿರಲಿಲ್ಲ. ದ್ವೀಪಗಳ ನೆನಪು ಇಲ್ಲದಿದ್ದರೂ ಬೇರೊಂದು ನೆನಪು ಅವರಿಗಿತ್ತು: ಹಿಟ್ಲರನ ಎದುರು ತಲೆಬಾಗಿದ 1930ರ ದಶಕದ ನಾಚಿಕೆ, ಒಂಟಿಯಾಗಿ ನಿಂತ 1940ರ ಹೆಮ್ಮೆ, 1956ರ ಸುಯೆಜ್‌ನ ಮುಖಭಂಗ.

1982ರ ಏಪ್ರಿಲ್ 3ರ ಶನಿವಾರ ಪಾರ್ಲಿಮೆಂಟ್ ತುರ್ತಾಗಿ ಸೇರಿತು. ವಿರೋಧಪಕ್ಷದ ನಾಯಕ ಮೈಕೆಲ್ ಫುಟ್ ಅಣ್ವಸ್ತ್ರ ವಿರೋಧಿ ಚಳವಳಿಯ ಹಿರಿಯರು, ಶಾಂತಿಪಕ್ಷಪಾತಿ. ಆದರೆ 1940ರಲ್ಲಿ ಹಿಟ್ಲರನನ್ನು ಓಲೈಸಿದ ಮಂತ್ರಿಗಳನ್ನು ಕಟಕಟೆಗೆ ತಂದ ಪ್ರಸಿದ್ಧ ಪುಸ್ತಕದ ಸಹಲೇಖಕರೂ ಅವರೇ. ಅಂದು ಅವರ ಮಾತಿನಲ್ಲಿ ಆ ನೆನಪೇ ಗೆದ್ದಿತು. ಆಕ್ರಮಣಕ್ಕೆ ಮಣಿಯಬಾರದೆಂದು ಅವರು ಸರ್ಕಾರಕ್ಕಿಂತ ಗಟ್ಟಿಯಾಗಿ ನುಡಿದರು. ಎರಡು ದಿನಗಳಲ್ಲಿ ನೌಕಾಪಡೆ ಪೋರ್ಟ್ಸ್‌ಮತ್ ಬಿಟ್ಟು ಸುಮಾರು 13,000 ಕಿಲೋಮೀಟರ್ ದೂರದ ಪಯಣ ಹೊರಟಿತು. ಆ ಪಡೆಯ ಮುಂದಾಳು ನೌಕೆ ‘ಹರ್ಮಿಸ್’. ಅದೇ ನೌಕೆಯನ್ನು ಭಾರತ ಕೊಂಡು 1987ರಲ್ಲಿ ‘ಐಎನ್‌ಎಸ್ ವಿರಾಟ್’ ಎಂಬ ಹೆಸರಿನಲ್ಲಿ ಸೇವೆಗೆ ಇಳಿಸಿತು. 2017ರವರೆಗೆ ಅದು ನಮ್ಮ ನೌಕಾಪಡೆಯಲ್ಲಿತ್ತು.

ಗೆಲುವಿನ ನಂತರ ಜುಲೈ 3ರಂದು ಚೆಲ್ಟೆನ್‌ಹ್ಯಾಮ್‌ನಲ್ಲಿ ಮಾತಾಡಿದ ಪ್ರಧಾನಿ ಮಾರ್ಗರೆಟ್ ಥ್ಯಾಚರ್, ದ್ವೀಪಗಳಲ್ಲಿ ತೋರಿದ ಛಲವನ್ನು ದೇಶದೊಳಗಿನ ಮುಷ್ಕರಗಳ ಎದುರಿಗೂ ತೋರಬೇಕೆಂದರು. 1983ರ ಚುನಾವಣೆಯಲ್ಲಿ ಅವರ ಪಕ್ಷ ಭಾರೀ ಬಹುಮತ ಪಡೆಯಿತು. ಅದರಲ್ಲಿ ಯುದ್ಧದ ಪಾಲೆಷ್ಟು, ಆರ್ಥಿಕ ಚೇತರಿಕೆಯ ಪಾಲೆಷ್ಟು ಎಂಬ ಬಗ್ಗೆ ವಿದ್ವಾಂಸರಲ್ಲಿ ಭಿನ್ನಮತವಿದೆ. ಆದರೆ ಸಾಮ್ರಾಜ್ಯ ಕಳೆದುಕೊಂಡ ಸಮಾಜವೊಂದರ ನೋವಿಗೆ ಈ ಯುದ್ಧ ಮದ್ದಿನಂತೆ ಒದಗಿತೆಂದು ಚರಿತ್ರಕಾರ ಎರಿಕ್ ಹಾಬ್ಸ್‌ಬಾಮ್ ಆಗಲೇ ಗುರುತಿಸಿದ್ದರು.

5. ಎರಡೂ ಕಡೆಯ ಮರೆವು

1882ರಲ್ಲಿ ಫ್ರೆಂಚ್ ಚಿಂತಕ ಅರ್ನೆಸ್ಟ್ ರೆನಾನ್ ಪ್ಯಾರಿಸ್‌ನ ಸೊರ್ಬೋನ್‌ನಲ್ಲಿ ಮಾಡಿದ ಉಪನ್ಯಾಸದಲ್ಲಿ, ರಾಷ್ಟ್ರ ಕಟ್ಟಲು ಒಟ್ಟಾಗಿ ನೆನೆಯುವುದು ಎಷ್ಟು ಮುಖ್ಯವೋ ಒಟ್ಟಾಗಿ ಮರೆಯುವುದೂ ಅಷ್ಟೇ ಮುಖ್ಯ ಎಂದಿದ್ದರು. ಸರಿಯಾಗಿ ನೂರು ವರ್ಷಗಳ ಮೇಲೆ ಎರಡು ದೇಶಗಳು ಅದನ್ನು ನಿಜ ಮಾಡಿದವು.

ಅರ್ಜೆಂಟೀನಾ ದ್ವೀಪದ ಜನರನ್ನು ಮರೆತಿತ್ತು. ಪಠ್ಯದ ನಕಾಶೆಯಲ್ಲಿ ನೆಲವಿತ್ತು, ನೆಲದ ಮೇಲಿನವರಿರಲಿಲ್ಲ. ಐದಾರು ತಲೆಮಾರು ಅಲ್ಲೇ ಹುಟ್ಟಿ ಅಲ್ಲೇ ಮಣ್ಣಾದವರಿಗೆ ಒಂದು ಇಚ್ಛೆ ಇರಬಹುದೆಂಬ ಆಲೋಚನೆಗೆ ಪಾಠದಲ್ಲಿ ಜಾಗವಿರಲಿಲ್ಲ. 2013ರ ಜನಮತದಲ್ಲಿ ಅವರಲ್ಲಿ 1,513 ಮಂದಿ ಬ್ರಿಟನ್ನಿನ ಜೊತೆ ಇರುವುದಕ್ಕೆ ಒಪ್ಪಿದರು, ಮೂವರು ಬೇಡವೆಂದರು.

ಬ್ರಿಟನ್ ಮರೆತದ್ದು ಇನ್ನೂ ದೊಡ್ಡದು. ದ್ವೀಪವಾಸಿಗಳ ಸ್ವನಿರ್ಣಯದ ಹಕ್ಕಿಗಾಗಿ ಹೋರಾಡಿದೆವು ಎಂದ ಅದೇ ಬ್ರಿಟನ್, 1968ರಿಂದ 1973ರ ನಡುವೆ ನಮ್ಮ ಹಿಂದೂ ಮಹಾಸಾಗರದ ಚಾಗೋಸ್ ದ್ವೀಪಗಳಿಂದ ಅಲ್ಲಿನ ಜನರನ್ನೆಲ್ಲ ಹೊರಹಾಕಿತ್ತು. ದಿಯೆಗೊ ಗಾರ್ಸಿಯಾದಲ್ಲಿ ಅಮೆರಿಕದ ಸೇನಾನೆಲೆಗೆ ಜಾಗ ಬೇಕಿತ್ತು. ಫಾಕ್‌ಲ್ಯಾಂಡ್ಸಿನ ಜನಸಂಖ್ಯೆಯೂ ಹೊರಹಾಕಲ್ಪಟ್ಟವರ ಸಂಖ್ಯೆಯೂ ಹೆಚ್ಚುಕಡಿಮೆ ಸಮ. ಒಂದು ಕಡೆ ಯುದ್ಧನೌಕೆಗಳು ಜನರನ್ನು ಕಾಯಲು ಹೋದವು. ಇನ್ನೊಂದು ಕಡೆ ಹಡಗುಗಳು ಜನರನ್ನು ತುಂಬಿಕೊಂಡು ಮಾರಿಷಸ್, ಸೀಶೆಲ್ಸ್‌ಗಳಲ್ಲಿ ಇಳಿಸಿಬಂದವು. ಮೊದಲನೆಯದು ಬ್ರಿಟನ್ನಿನ ಸಾರ್ವಜನಿಕ ನೆನಪಿನಲ್ಲಿ ಅಚ್ಚೊತ್ತಿದೆ. ಎರಡನೆಯದನ್ನು ನೆನಪಿಸಲು ಆ ಜನ ದಶಕಗಟ್ಟಲೆ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು.

6. ನೆನಪು ಹಣೆಬರಹವಲ್ಲ

ಇಷ್ಟು ಕೇಳಿ, ಜನ ನೆನಪಿನ ಕೈಗೊಂಬೆಗಳೆಂದು ತೀರ್ಮಾನಿಸಬಾರದು. ಅರ್ಜೆಂಟೀನಾವೇ ಅದಕ್ಕೆ ಉತ್ತರ ಕೊಟ್ಟಿದೆ.

ಆ ದೇಶಕ್ಕೆ ಚಿಲಿಯೊಡನೆಯೂ ನೆಲದ ಜಗಳವಿತ್ತು. ಬೀಗಲ್ ಕಾಲುವೆಯ ಮೂರು ದ್ವೀಪಗಳು ಚಿಲಿಗೆ ಸೇರಿದವೆಂದು 1977ರಲ್ಲಿ ಮಧ್ಯಸ್ಥಿಕೆಯ ತೀರ್ಪು ಬಂತು. ಸೇನಾಡಳಿತ ಅದನ್ನು ತಳ್ಳಿಹಾಕಿತು; 1978ರ ಡಿಸೆಂಬರಿನಲ್ಲಿ ಎರಡು ದೇಶಗಳ ಸೇನೆಗಳು ಇನ್ನೇನು ಕೈಕೈ ಮಿಲಾಯಿಸಬೇಕು ಎನ್ನುವಷ್ಟರಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ನಡುವೆ ಬಂದರು. ಪ್ರಜಾಪ್ರಭುತ್ವ ಮರಳಿದ ಮೇಲೆ ಅಧ್ಯಕ್ಷ ಆಲ್ಫೊನ್ಸಿನ್, ಆ ದ್ವೀಪಗಳನ್ನು ಚಿಲಿಗೆ ಬಿಡುವ ಒಪ್ಪಂದವನ್ನು 1984ರ ನವೆಂಬರ್ 25ರಂದು ಜನರ ಮುಂದಿಟ್ಟರು. ಮತ ಹಾಕಿದವರಲ್ಲಿ ಶೇಕಡ 80ಕ್ಕೂ ಹೆಚ್ಚು ಜನ ಒಪ್ಪಿದರು. ಅದೇ ಶಾಲೆಗಳಲ್ಲಿ ಅದೇ ನಕಾಶೆ ಬರೆದು ಬೆಳೆದವರು, ಎರಡೂವರೆ ವರ್ಷದ ಹಿಂದೆ ಅದೇ ಚೌಕ ತುಂಬಿದ್ದವರು! ಏನು ಬದಲಾಗಿತ್ತು? ಸತ್ತ ಹುಡುಗರ ನೆನಪು ನೆಲದ ನೆನಪಿನ ಪಕ್ಕಕ್ಕೆ ಬಂದು ಕೂತಿತ್ತು. ತೆರೆದ ಚರ್ಚೆ ನಡೆದಿತ್ತು, ದೂರದರ್ಶನದಲ್ಲಿ ಪರ-ವಿರೋಧ ವಾದಗಳು ಕೇಳಿಬಂದಿದ್ದವು. ಕೇಳಿ, ತೂಗಿ ನೋಡುವ ಅವಕಾಶ ಸಿಕ್ಕರೆ ಜನ ಸರಿಯಾಗಿ ತೂಗಬಲ್ಲರು.

ಮಾಲ್ವಿನಾಸ್ ಮೇಲಿನ ಹಕ್ಕನ್ನು ಅವರು ಬಿಟ್ಟಿಲ್ಲ. 1986ರ ಫುಟ್ಬಾಲ್ ವಿಶ್ವಕಪ್ಪಿನಲ್ಲಿ ಅರ್ಜೆಂಟೀನಾದ ಆಟಗಾರ ಮರಡೋನಾ ಇಂಗ್ಲೆಂಡಿನ ವಿರುದ್ಧ ಹೊಡೆದ ಗೋಲುಗಳ ಹಿಂದೆ ಆ ಹುಡುಗರ ಸಾವಿನ ನೋವೂ ಇತ್ತೆಂದು ಅವನೇ ಮುಂದೆ ಹೇಳಿದ್ದಾನೆ. ಆದರೆ 1994ರ ಸಂವಿಧಾನ ತಿದ್ದುಪಡಿ ಹಕ್ಕನ್ನು ಎತ್ತಿಹಿಡಿಯುತ್ತಲೇ, ಅಂತರರಾಷ್ಟ್ರೀಯ ಕಾನೂನಿಗೆ ಒಳಪಟ್ಟು, ದ್ವೀಪವಾಸಿಗಳ ಜೀವನಕ್ರಮವನ್ನು ಗೌರವಿಸಿ ಎಂಬ ಷರತ್ತನ್ನೂ ಬರೆಯಿತು. ಹಳೆಯ ಪಾಠದಲ್ಲಿ ಇಲ್ಲದಿದ್ದ ಜನ ಈಗ ಸಂವಿಧಾನದೊಳಗೆ ಬಂದರು.

ಪೂರ್ಣವಾಗಿ ನೆನೆಯುವುದು ಹೇಗೆಂದು ತೋರಿಸುವ ಇನ್ನೊಂದು ಕೆಲಸ ದ್ವೀಪಗಳ ಡಾರ್ವಿನ್ ಎಂಬ ಊರಿನ ಬಳಿ ನಡೆಯಿತು. 1983ರಲ್ಲಿ ಬ್ರಿಟಿಷ್ ಸೇನಾಧಿಕಾರಿ ಜೆಫ್ರಿ ಕಾರ್ಡೋಜೊ ಬಯಲಲ್ಲಿ ಚೆದುರಿ ಬಿದ್ದಿದ್ದ ಅರ್ಜೆಂಟೀನಾದ ಸೈನಿಕರ ದೇಹಗಳನ್ನು ಒಟ್ಟುಗೂಡಿಸಿ, ಪ್ರತಿಯೊಂದರ ವಿವರ ಬರೆದಿಟ್ಟುಕೊಂಡು, ಮರ್ಯಾದೆಯಿಂದ ಮಣ್ಣು ಮಾಡಿಸಿದರು. ನೂರಕ್ಕೂ ಹೆಚ್ಚು ಸಮಾಧಿಗಳ ಮೇಲೆ ಹೆಸರಿರಲಿಲ್ಲ. 2008ರಲ್ಲಿ ಅವರು ಆ ದಾಖಲೆಗಳನ್ನು ಅರ್ಜೆಂಟೀನಾದ ಮಾಜಿ ಸೈನಿಕ ಹೂಲಿಯೋ ಆರೋ ಅವರ ಕೈಗೆ ಕೊಟ್ಟರು. ಮುಂದೆ ಎರಡು ಸರ್ಕಾರಗಳು ಒಪ್ಪಿ, 2017ರಲ್ಲಿ ರೆಡ್‌ಕ್ರಾಸ್ ಸಮಾಧಿಗಳನ್ನು ತೆರೆಯಿತು. ಡಿಎನ್‌ಎ ಪರೀಕ್ಷೆಯಿಂದ ನೂರಕ್ಕೂ ಹೆಚ್ಚು ಸೈನಿಕರ ಹೆಸರು ಅವರ ಮನೆಯವರಿಗೆ ಸಿಕ್ಕಿತು. ಆ ಪರೀಕ್ಷೆ ನಡೆಸಿದ ಅರ್ಜೆಂಟೀನಾದ ವಿಧಿವಿಜ್ಞಾನ ತಂಡ, ಸೇನಾಡಳಿತ ಕಾಣೆಯಾಗಿಸಿದವರ ಗುರುತು ಹಚ್ಚಲೆಂದೇ 1984ರಲ್ಲಿ ಹುಟ್ಟಿದ್ದು. ಒಂದೇ ಆಡಳಿತ ಎರಡು ರೀತಿಯಲ್ಲಿ ಬಲಿಕೊಟ್ಟ ಮಕ್ಕಳಿಗೆ ಒಂದೇ ವಿಜ್ಞಾನ ಹೆಸರು ಮರಳಿಸಿತು.

7. ನಮ್ಮ ಹೊಣೆ

ಮರೆತುಬಿಡಿ ಎಂದು ಹೇಳಲು ನಾನು ಬಂದಿಲ್ಲ. ಕಳೆದುಕೊಂಡದ್ದನ್ನು ಮರೆಯಿರೆಂದು ಹೇಳುವವರು ಸಾಮಾನ್ಯವಾಗಿ ಕಿತ್ತುಕೊಂಡವರೇ ಆಗಿರುತ್ತಾರೆ. ನಾನು ಕೇಳುವುದು ಪೂರ್ತಿ ನೆನಪಿಗಾಗಿ. ಯಾವುದೇ ನೆಲದ ಪ್ರಶ್ನೆ ಎದ್ದಾಗ ನಮ್ಮ ನಷ್ಟದ ಜೊತೆಗೆ ಅಲ್ಲಿ ಈಗ ಬಾಳುತ್ತಿರುವವರನ್ನೂ, ನಮ್ಮ ವೀರರ ಜೊತೆಗೆ ನಮ್ಮವರೇ ನಮ್ಮವರಿಗೆ ಮಾಡಿದ ಅನ್ಯಾಯವನ್ನೂ, ನ್ಯಾಯದ ಹಕ್ಕಿನ ಜೊತೆಗೆ ಅದನ್ನು ಕೈಯಲ್ಲಿ ಹಿಡಿದವರ ಯೋಗ್ಯತೆಯನ್ನೂ ನೆನೆಯಬೇಕು. ನೆನಪಿನ ಹೆಸರಿನಲ್ಲಿ ಬೆಂಬಲ ಕೇಳುವವರಿಗೆ ಮೂರು ಪ್ರಶ್ನೆ ಹಾಕಬೇಕು: ಈಗಲೇ ಏಕೆ? ಬೆಲೆ ತೆರುವವರು ಯಾರ ಮಕ್ಕಳು? ಅಲ್ಲಿರುವ ಜನ ಏನನ್ನುತ್ತಾರೆ?

ಈ ಸಭೆಯಲ್ಲಿ ಅಧ್ಯಾಪಕರಿದ್ದೀರಿ, ಪಠ್ಯ ಬರೆಯುವವರಿದ್ದೀರಿ, ನಾಳೆ ಬರೆಯಲಿರುವವರಿದ್ದೀರಿ. ನೀವು ಇಂದು ಕಲಿಸುವ ನಕಾಶೆ ಮುಂದೊಂದು ದಿನ ಒಂದು ದೇಶದ ತೀರ್ಮಾನವಾಗುತ್ತದೆ. ಆದ್ದರಿಂದ ಮಕ್ಕಳಿಗೆ ನಾಡಿನ ಗಡಿಯನ್ನು ಕಲಿಸುವಾಗ ಗಡಿಯ ಆಚೆಗಿನ ಮನೆಗಳನ್ನೂ ಕಲಿಸಿ ಎಂದು ನಿಮ್ಮಲ್ಲಿ ಬೇಡಿಕೊಳ್ಳುತ್ತೇನೆ.